ಸೇವಾ ಕ್ಲಬ್ಬಿನ ವರ್ಷ, ತೆಂಗುಸೀಮೆಯ ಲೆಕ್ಕದಲ್ಲಿ

ರೋಟರಿ, ಲಯನ್ಸ್, ಇನ್ನರ್ ವ್ಹೀಲ್ ಕ್ಲಬ್ಬುಗಳಿಗೆ ಜುಲೈ 1 ಹೊಸ ವರ್ಷ. ಹಳೆಯ ಅಧ್ಯಕ್ಷರು ಇಳಿದು ಹೊಸಬರು ಬರುತ್ತಾರೆ, ಪದಗ್ರಹಣ ನಡೆಯುತ್ತದೆ, ಮುಂದಿನ ಜೂನ್ 30ರವರೆಗಿನ ಸಭೆ, ಉಪನ್ಯಾಸ, ಶಿಬಿರಗಳ ಪಟ್ಟಿ ಸಿದ್ಧವಾಗುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪೇಟೆಗಳಲ್ಲಿ ‘ಉಚಿತ ನೇತ್ರ ತಪಾಸಣೆ’, ‘ರಕ್ತದಾನ ಶಿಬಿರ’, ‘ವಿಶೇಷ ಉಪನ್ಯಾಸ’ ಎಂಬ ಫ್ಲೆಕ್ಸ್ ಕಂಡರೆ ಅದು ಸಾಮಾನ್ಯವಾಗಿ ಇಂಥದೊಂದು ಪಟ್ಟಿಯಿಂದ ಬಂದದ್ದು.

ಈ ಪಟ್ಟಿಯನ್ನು ಊರಿನವರು ಹೇಗೆ ಬಳಸಿಕೊಳ್ಳಬಹುದು, ಕ್ಲಬ್ಬಿನವರು ಹೇಗೆ ಹೆಣೆಯಬಹುದು ಎಂಬುದನ್ನು ಇಲ್ಲಿ ಒಟ್ಟಿಗೆ ಕೊಟ್ಟಿದೆ. ಇಡೀ ಲೇಖನದ ಹಿಂದಿರುವ ಮಾತು ಒಂದೇ: ಪ್ರತಿ ಕಾರ್ಯಕ್ರಮಕ್ಕೂ ಎರಡನೆಯ ತಾರೀಖು ಇರಬೇಕು. ಕಣ್ಣು ನೋಡಿದ ದಿನದ ಜೊತೆಗೆ ಕನ್ನಡಕ ಕೊಡುವ ದಿನ ಗೊತ್ತಿರಬೇಕು. ರಕ್ತ ಪಡೆದ ದಿನವೇ ಮುಂದಿನ ಶಿಬಿರ ಯಾವಾಗ ಎಂದು ಹೇಳಬೇಕು. ಅಧ್ಯಕ್ಷರು ವರ್ಷಕ್ಕೊಮ್ಮೆ ಬದಲಾಗುವ ಸಂಸ್ಥೆಗಳಲ್ಲಿ ಮೊದಲು ಕಳೆದುಹೋಗುವುದು ಈ ಎರಡನೆಯ ತಾರೀಖೇ.

ಅದನ್ನು ಬಿಡದೆ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಪೋಲಿಯೊ ಸಾಕ್ಷಿ. ರೋಟರಿ ಸಂಸ್ಥೆ 1985ರಲ್ಲಿ ಪೋಲಿಯೊ ವಿರುದ್ಧದ ಕೆಲಸವನ್ನು ಜಗತ್ತಿನಾದ್ಯಂತ ಕೈಗೆತ್ತಿಕೊಂಡಿತು. ಸರ್ಕಾರ, ಆರೋಗ್ಯ ಕಾರ್ಯಕರ್ತೆಯರು, ಸ್ವಯಂಸೇವಕರು ವರ್ಷ ವರ್ಷವೂ ಅದೇ ಬೂತಿಗೆ, ಅದೇ ಮನೆಬಾಗಿಲಿಗೆ ಹೋದರು. ಭಾರತದ ಕೊನೆಯ ಪ್ರಕರಣ ವರದಿಯಾದದ್ದು 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ದೇಶವನ್ನು ಪೋಲಿಯೊಮುಕ್ತವೆಂದು ಘೋಷಿಸಲಾಯಿತು. ನಡುವೆ ಎಷ್ಟು ಜನ ಅಧ್ಯಕ್ಷರು ಬದಲಾದರೋ, ಕೆಲಸ ಮಾತ್ರ ಬದಲಾಗಲಿಲ್ಲ.

ಸಭೆಗೆ ಹೋಗುವುದು ಹೇಗೆ?

ಕ್ಲಬ್ ಎಂದರೆ ಸದಸ್ಯರಿಗಷ್ಟೇ ಎಂದು ದೂರ ಉಳಿಯುವವರು ಬಹಳ. ಆಡಳಿತದ ಸಭೆಗಳು ಸದಸ್ಯರಿಗೆ ಮೀಸಲು ನಿಜ. ಆದರೆ ಉಪನ್ಯಾಸ, ಶಿಬಿರ, ಸನ್ಮಾನದ ಸಭೆಗಳಿಗೆ ಸಾರ್ವಜನಿಕರನ್ನು ಕರೆಯುವ ರೂಢಿಯಿದೆ. ಕಾರ್ಯದರ್ಶಿಗೆ ಮೊದಲೇ ಒಂದು ಮಾತು ತಿಳಿಸಿದರೆ ಮಾಮೂಲಿ ಸಭೆಗೂ ಅತಿಥಿಯಾಗಿ ಕೂರಬಹುದು. ಹಿಂದೆ ರೋಟರಿಯಲ್ಲಿ ವಾರದ ಸಭೆ ಕಡ್ಡಾಯವಾಗಿತ್ತು. 2016ರಿಂದ ಈಚೆಗೆ ತಿಂಗಳಿಗೆ ಕನಿಷ್ಠ ಎರಡು ಸಭೆ ಸಾಕು. ಆದ್ದರಿಂದ ಹಳೆಯ ದಿನ, ಹಳೆಯ ವೇಳೆ ನಂಬಿ ಹೋಗದೆ ಕೇಳಿಕೊಂಡು ಹೋಗುವುದು ಒಳ್ಳೆಯದು.

ಸದಸ್ಯತ್ವಕ್ಕೆ ಈಗಿರುವ ಸದಸ್ಯರೊಬ್ಬರು ಹೆಸರು ಸೂಚಿಸುವುದು ವಾಡಿಕೆ. ಸೇರುವ ಮುನ್ನ ಎರಡು ಮೂರು ಕಾರ್ಯಕ್ರಮಗಳಲ್ಲಿ ಕೈಜೋಡಿಸಿ ನೋಡಿ. ವಾರ್ಷಿಕ ಶುಲ್ಕ ಎಷ್ಟು, ಅದರಲ್ಲಿ ಮೇಲಿನ ಸಂಸ್ಥೆಗೆ ಎಷ್ಟು ಹೋಗುತ್ತದೆ, ಊರಿನ ಕೆಲಸಕ್ಕೆ ಎಷ್ಟು ಉಳಿಯುತ್ತದೆ ಎಂದು ಕೇಳಲು ಸಂಕೋಚ ಬೇಡ. ವಿದ್ಯಾರ್ಥಿಗಳಿಗೆ ಬೇರೆ ಬಾಗಿಲುಗಳಿವೆ: 12ರಿಂದ 18 ವರ್ಷದವರಿಗೆ ಇಂಟರಾಕ್ಟ್, 18 ತುಂಬಿದವರಿಗೆ ರೋಟರಾಕ್ಟ್, ಲಯನ್ಸ್‌ನ ಕಡೆಯಿಂದ ಲಿಯೋ ಕ್ಲಬ್. ರೋಟರಿ, ಲಯನ್ಸ್ ಎರಡರಲ್ಲೂ ಮಹಿಳೆಯರು ಪೂರ್ಣ ಸದಸ್ಯರಾಗಬಹುದು. ಇನ್ನರ್ ವ್ಹೀಲ್ 1924ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ಮಹಿಳೆಯರದೇ ಸಂಸ್ಥೆ.

ವರ್ಷದ ಪಟ್ಟಿ: ಯಾವ ತಿಂಗಳು ಏನು?

ಅಂತರರಾಷ್ಟ್ರೀಯ ದಿನಗಳನ್ನಷ್ಟೇ ನೋಡಿ ಪಟ್ಟಿ ಮಾಡಿದರೆ ಹಳ್ಳಿಯವರು ಬರಲಾರರು. ನಮ್ಮ ಕಡೆ ಏಪ್ರಿಲ್, ಮೇ ಮಳೆಗೆ ಹೆಸರು, ಉದ್ದು, ಅಲಸಂದೆ ಬಿತ್ತನೆ. ಜುಲೈ, ಆಗಸ್ಟ್‌ನಲ್ಲಿ ರಾಗಿ ಬಿತ್ತನೆ, ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲು. ತೆಂಗಿನ ಕೆಲಸವಂತೂ ವರ್ಷವಿಡೀ. ಕೊಬ್ಬರಿ ಹರಾಜಿನ ದಿನ ಎಪಿಎಂಸಿ ಸುತ್ತಮುತ್ತ ಜನವೋ ಜನ. ಆ ದಿನ ಪ್ರಾಂಗಣದಲ್ಲಿ ರಕ್ತದೊತ್ತಡ, ಸಕ್ಕರೆ ತಪಾಸಣೆ ಇಟ್ಟರೆ ಸಿಗುವ ಜನ ಭಾನುವಾರದ ಕಲ್ಯಾಣ ಮಂಟಪದಲ್ಲಿ ಸಿಗುವುದಿಲ್ಲ. ಇದನ್ನೆಲ್ಲ ಲೆಕ್ಕಕ್ಕೆ ಹಿಡಿದು ಮಾಡಿದ ಮಾದರಿ ಪಟ್ಟಿ ಹೀಗಿದೆ.

• ಜುಲೈ: ಪದಗ್ರಹಣ, ವೈದ್ಯರ ದಿನ (1), ವನಮಹೋತ್ಸವ. ಜೊತೆಗೆ ಚಿಪ್ಪು ತೆಗೆಯುವ ಅಭಿಯಾನ. ಮಳೆನೀರು ನಿಂತ ತೆಂಗಿನ ಚಿಪ್ಪು ಡೆಂಗಿ ಸೊಳ್ಳೆಯ ತವರು. ಒಂದು ವಾರ ನೀರು ನಿಂತರೆ ಸಾಕು. ಚಿಪ್ಪು ಮಗುಚಿ ಹಾಕುವ ಕೆಲಸವನ್ನು ಶಾಲಾ ಮಕ್ಕಳು ಪ್ರತಿ ಶನಿವಾರ ಮಾಡಬಹುದು.
• ಆಗಸ್ಟ್: ಶಾಲಾ ಮಕ್ಕಳ ಕಣ್ಣಿನ ಪರೀಕ್ಷೆ. 25ರಿಂದ ಸೆಪ್ಟೆಂಬರ್ 8ರವರೆಗೆ ರಾಷ್ಟ್ರೀಯ ನೇತ್ರದಾನ ಪಾಕ್ಷಿಕ.
• ಸೆಪ್ಟೆಂಬರ್: ವಿಶ್ವ ತೆಂಗು ದಿನ (2), ಶಿಕ್ಷಕರ ದಿನ (5), ವಿಶ್ವ ರೇಬೀಸ್ ದಿನ (28).
• ಅಕ್ಟೋಬರ್: ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ (1), ವಿಶ್ವ ಪೋಲಿಯೊ ದಿನ (24).
• ನವೆಂಬರ್: ರಾಜ್ಯೋತ್ಸವ, ಕಾನೂನು ಸೇವೆಗಳ ದಿನ (9), ವಿಶ್ವ ಮಧುಮೇಹ ದಿನ (14). ಕೊಯ್ಲಿನ ಕಾಲವಾದ್ದರಿಂದ ದೊಡ್ಡ ಶಿಬಿರ ಬೇಡ, ಸಂಜೆಯ ಉಪನ್ಯಾಸ ಸಾಕು.
• ಡಿಸೆಂಬರ್: ಅಂಗವಿಕಲರ ದಿನ (3). ಕೃತಕ ಕಾಲು ಬೇಕಾದವರ ಹೆಸರು ನೋಂದಣಿ. ಅಳತೆಗೊಂದು ದಿನ, ಜೋಡಣೆಗೊಂದು ದಿನ ಮೊದಲೇ ಗೊತ್ತುಮಾಡಬೇಕು.
• ಜನವರಿ, ಫೆಬ್ರುವರಿ: ಒಕ್ಕಣೆ ಮುಗಿದು ಕೈ ಬಿಡುವಾಗುವ ಕಾಲ. ಕಣ್ಣಿನ ದೊಡ್ಡ ಶಿಬಿರಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಪರೀಕ್ಷಾ ತಯಾರಿ.
• ಮಾರ್ಚ್: ಮಹಿಳಾ ದಿನ (8), ವಿಶ್ವ ಜಲದಿನ (22). ಕೊಳವೆಬಾವಿ ನೀರಿನ ಫ್ಲೋರೈಡ್ ಪರೀಕ್ಷೆ.
• ಏಪ್ರಿಲ್, ಮೇ: ಕಾಲೇಜುಗಳಿಗೆ ರಜೆ ಬರುವುದರಿಂದ ರಕ್ತದ ಸಂಗ್ರಹ ತಗ್ಗುವ ಕಾಲ. ರಕ್ತದಾನ ಶಿಬಿರ, ವಿಮೆ ನೋಂದಣಿ.
• ಜೂನ್: ಪರಿಸರ ದಿನ (5), ವಿಶ್ವ ರಕ್ತದಾನಿಗಳ ದಿನ (14). ಹಳೆಯ ಪದಾಧಿಕಾರಿಗಳು ಹೊಸಬರಿಗೆ ಪುಸ್ತಕ ಒಪ್ಪಿಸುವ ತಿಂಗಳು.

ಉಪನ್ಯಾಸಕ್ಕೆ ಯಾರನ್ನು ಕರೆಯಬೇಕು?

ದೂರದಿಂದ ದೊಡ್ಡವರನ್ನು ಕರೆಸಬೇಕೆಂಬ ಹಂಬಲ ಸಹಜ. ಆದರೆ ನಮಗೆ ಬೇಕಾದ ತಿಳಿವಳಿಕೆ ಮಗ್ಗುಲಲ್ಲೇ ಇದೆ. ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಲಕ್ಕಿಹಳ್ಳಿಯಲ್ಲಿ ಬೈಫ್ ಸಂಸ್ಥೆಯ ಕ್ಷೇತ್ರವಿದೆ. ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆ ನಡೆಸುವ ತೋಟಗಾರಿಕೆ ಕೇಂದ್ರವಿದೆ. ಬಿಳಿನೊಣ, ಕಪ್ಪುತಲೆ ಹುಳು, ನುಸಿ, ಕೆಂಪು ಮೂತಿ ಹುಳು, ಅಣಬೆ ರೋಗಗಳಿಂದ ತೋಟಗಳು ಸೊರಗುತ್ತಿರುವಾಗ ಇಲ್ಲಿನ ವಿಜ್ಞಾನಿಗಳ ಒಂದು ಗಂಟೆಯ ಮಾತು ಬಹಳ ಬೆಲೆಯುಳ್ಳದ್ದು.

ಅವರನ್ನು ಸಭಾಂಗಣಕ್ಕೆ ಕರೆಸುವುದಕ್ಕಿಂತ ರೋಗ ಬಿದ್ದ ತೋಟಕ್ಕೇ ಕರೆದೊಯ್ಯಿರಿ. ಗರಿ ಕಡಿದು ಅಡಿಯಲ್ಲಿ ಹುಳು ತೋರಿಸಿದರೆ, ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಪರೋಪಜೀವಿಯನ್ನು ಬಿಡುವ ಕ್ರಮ ಕಣ್ಣೆದುರು ಕಂಡರೆ ರೈತ ಮರೆಯುವುದಿಲ್ಲ. ಊರಿನಿಂದ ಊರಿಗೆ ಪ್ರಶ್ನೆಯೂ ಬೇರೆ. ಹೇಮಾವತಿ ನಾಲೆಯ ನೀರು ಕಾಣುವ ತುರುವೇಕೆರೆ ಕಡೆಯವರು ಕೇಳುವುದು ಒಂದು, ಕೊಳವೆಬಾವಿಯನ್ನೇ ನೆಚ್ಚಿದ ಹುಳಿಯಾರು, ಕಂದಿಕೆರೆ ಕಡೆಯವರು ಕೇಳುವುದು ಇನ್ನೊಂದು. ಹತ್ತು ದಿನ ಮುಂಚೆ ರೈತರಿಂದ ಪ್ರಶ್ನೆಗಳನ್ನು ಬರೆಸಿಕೊಂಡು ವಿಜ್ಞಾನಿಗಳಿಗೆ ಕಳಿಸಿದರೆ ಭಾಷಣ ತಾನಾಗಿ ಉತ್ತರದ ರೂಪ ಪಡೆಯುತ್ತದೆ. ಅದೇ ತೋಟಕ್ಕೆ ಅವರು ಮತ್ತೆ ಯಾವಾಗ ಬರುತ್ತಾರೆ ಎಂಬುದೂ ಆವತ್ತೇ ತೀರ್ಮಾನವಾಗಲಿ.

ಬೇಸಾಯದ ಆಚೆಗೆ ಮೂರು ವಿಷಯಗಳು ತುರ್ತಾಗಿ ಬೇಕು. ಒಂದು, ಕಾನೂನು ನೆರವು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಎರಡು, ಸೈಬರ್ ವಂಚನೆ. ಕೊಬ್ಬರಿ ಮಾರಿದ ಹಣ ಖಾತೆಗೆ ಬಿದ್ದ ದಿನವೇ ಮೋಸದ ಕರೆಗೆ ಸಿಕ್ಕಿಬೀಳಬಾರದು. ಹಣ ಹೋಯಿತೆಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕು ಎಂಬುದು ಮನೆಮನೆಗೆ ತಿಳಿದಿರಲಿ. ಮೂರು, ಹಾವು ಕಡಿತ. ಸಿಪ್ಪೆ ಗುಡ್ಡೆ, ಗರಿ ರಾಶಿಯಲ್ಲಿ ಕೈಹಾಕುವ ಸೀಮೆ ನಮ್ಮದು. ಕಡಿದ ಜಾಗವನ್ನು ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ನಾಟಿ ಮದ್ದಿಗೆ ಹೊತ್ತು ಕಳೆಯಬಾರದು. ಕೈಕಾಲು ಆಡಿಸದಂತೆ ಇಟ್ಟು ನೇರ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಣ್ಣಿನ ಶಿಬಿರ

1925ರಲ್ಲಿ ಹೆಲೆನ್ ಕೆಲ್ಲರ್ ಲಯನ್ಸ್ ಸಮ್ಮೇಳನಕ್ಕೆ ಬಂದು ಅಂಧರ ಕೈಹಿಡಿಯಿರಿ ಎಂದು ಕೇಳಿಕೊಂಡ ಮೇಲೆ ಕಣ್ಣಿನ ಕೆಲಸ ಆ ಸಂಸ್ಥೆಯ ಗುರುತೇ ಆಯಿತು. ಕರ್ನಾಟಕದಲ್ಲಿ ಹಳ್ಳಿಗೇ ಹೋಗಿ ಸಾಮೂಹಿಕವಾಗಿ ಪೊರೆ ತೆಗೆಯುವ ಶಿಬಿರಗಳನ್ನು ಮನೆಮಾತು ಮಾಡಿದವರು ಡಾ. ಎಂ.ಸಿ. ಮೋದಿ. ಈಗ ಕ್ರಮ ಬದಲಾಗಿದೆ. ಶಿಬಿರದಲ್ಲಿ ತಪಾಸಣೆ ಮಾತ್ರ, ಶಸ್ತ್ರಚಿಕಿತ್ಸೆ ಸುಸಜ್ಜಿತ ಆಸ್ಪತ್ರೆಯಲ್ಲೇ. ಸೋಂಕು ತಡೆಯಲು ಇದೇ ಸರಿಯಾದ ದಾರಿ.

ಶಿಬಿರಕ್ಕೆ ಹೋಗುವವರು ಆಧಾರ್, ಪಡಿತರ ಚೀಟಿ, ದಿನಾ ನುಂಗುವ ಮಾತ್ರೆಗಳನ್ನು ಜೊತೆಗಿಟ್ಟುಕೊಳ್ಳಿ. ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿಲ್ಲದಿದ್ದರೆ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ಅದಕ್ಕೆ ಬೇಸರಪಟ್ಟು ಕೈಬಿಡಬೇಡಿ. ಮನೆಯವರೊಬ್ಬರು ಜೊತೆಗಿರಲಿ. ಶಸ್ತ್ರಚಿಕಿತ್ಸೆಯಾದ ಮೇಲೆ ವೈದ್ಯರು ಹೇಳಿದಷ್ಟು ವಾರ ಕಣ್ಣಿಗೆ ಹನಿ ಬಿಡಬೇಕು, ಕಣ್ಣು ಉಜ್ಜಬಾರದು. ನಮ್ಮ ಕಡೆಯವರು ವಿಶೇಷವಾಗಿ ನೆನಪಿಡಬೇಕಾದದ್ದು: ಕಾಯಿ ಸುಲಿಯುವ ಜಾಗದ ಧೂಳು, ಸಿಪ್ಪೆ ಉರಿಸಿದ ಹೊಗೆ ಎರಡರಿಂದಲೂ ದೂರವಿರಬೇಕು. ನೋವು, ಕೆಂಪು, ಮಂಜು ಹೆಚ್ಚಾದರೆ ಮುಂದಿನ ಭೇಟಿಗೆ ಕಾಯದೆ ಆವತ್ತೇ ತೋರಿಸಬೇಕು.

ಕ್ಲಬ್ಬಿನ ನಿಜವಾದ ಕೆಲಸ ಇಲ್ಲಿಂದ ಶುರು. ತಪಾಸಣೆಯಲ್ಲಿ ಆಯ್ಕೆಯಾದವರಲ್ಲಿ ಆಸ್ಪತ್ರೆಯ ಬಸ್ ಹತ್ತಿದವರು ಎಷ್ಟು, ಹತ್ತದವರು ಯಾಕೆ ಹತ್ತಲಿಲ್ಲ, ಮರುಪರೀಕ್ಷೆಗೆ ಬಂದವರು ಎಷ್ಟು? ಒಬ್ಬೊಬ್ಬ ಸದಸ್ಯರು ಒಂದೊಂದು ಹಳ್ಳಿಯ ಹೆಸರುಪಟ್ಟಿ ಹಿಡಿದು ಆಶಾ ಕಾರ್ಯಕರ್ತೆಯರ ಜೊತೆ ಮನೆಗೆ ಹೋದರೆ ಇದು ಗೊತ್ತಾಗುತ್ತದೆ. ಎಮ್ಮೆ ಕರೆಯುವವರಿಲ್ಲ, ಜೊತೆಗೆ ಬರುವವರಿಲ್ಲ ಎಂಬಂಥ ಸಣ್ಣ ಕಾರಣಕ್ಕೇ ಅಜ್ಜಿಯೊಬ್ಬರು ಕುರುಡಾಗಿ ಉಳಿದಿರಬಹುದು.

ನೇತ್ರದಾನಕ್ಕೂ ಮುಂಚಿನ ತಯಾರಿ ಬೇಕು. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ಪಡೆಯಬೇಕು. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ದಾನವಾದ ಮೇಲೆ ನಮ್ಮಲ್ಲಿ ಹಿಂಜರಿಕೆ ಬಹಳ ಕಡಿಮೆಯಾಗಿದೆ. ಪುನೀತ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಕನ್ನಡಕ ಹಾಕುವವರೂ, ಪೊರೆ ತೆಗೆಸಿಕೊಂಡವರೂ, ಮುಪ್ಪಾದವರೂ ಕೊಡಬಹುದು. ಮನೆಯವರು ಮಾಡಬೇಕಾದದ್ದು ಇಷ್ಟು: ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡುವುದು, ಫ್ಯಾನ್ ಆರಿಸುವುದು, ತಲೆಯನ್ನು ದಿಂಬಿನಿಂದ ಎತ್ತರಿಸುವುದು, ನೇತ್ರ ಬ್ಯಾಂಕಿಗೆ ಕೂಡಲೇ ತಿಳಿಸುವುದು. ಪ್ರತಿಜ್ಞಾ ಪತ್ರ ತುಂಬಿಸಿಕೊಂಡರಷ್ಟೇ ಸಾಲದು. ನಡುರಾತ್ರಿ ಕರೆ ಬಂದರೆ ಯಾರಿಗೆ ಫೋನ್, ಯಾರ ವಾಹನ ಎಂಬುದು ಕ್ಲಬ್ಬಿನ ಗೋಡೆಯ ಮೇಲೆ ಬರೆದಿರಬೇಕು.

ರಕ್ತದಾನ

18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕದ, ಹಿಮೋಗ್ಲೋಬಿನ್ 12.5 ಇರುವ ಆರೋಗ್ಯವಂತರು ರಕ್ತ ಕೊಡಬಹುದು. ಒಮ್ಮೆಗೆ 350 ಅಥವಾ 450 ಮಿ.ಲೀ. ತೆಗೆಯುತ್ತಾರೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಖಾಲಿ ಹೊಟ್ಟೆಯಲ್ಲಿ ಬರಬೇಡಿ. ಮಾತ್ರೆ, ಈಚಿನ ಜ್ವರ, ಶಸ್ತ್ರಚಿಕಿತ್ಸೆ ಏನಿದ್ದರೂ ಮುಚ್ಚಿಡದೆ ಹೇಳಿ. ಕೊಟ್ಟ ದಿನ ಮರ ಹತ್ತುವುದು, ಭಾರ ಹೊರುವುದು ಬೇಡ.

ಸಂಘಟಕರು ಮರೆಯಬಾರದ ಒಂದು ಲೆಕ್ಕವಿದೆ. ಕೆಂಪು ರಕ್ತಕಣ ಕೆಡದೆ ಇರುವುದು 35ರಿಂದ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಒಂದೇ ದಿನ ದಾಖಲೆ ಮಾಡಲು ನೂರಾರು ಜನರನ್ನು ಸೇರಿಸಿದರೆ ಆಮೇಲಿನ ಮೂರು ತಿಂಗಳು ಕೊಡುವವರೇ ಇಲ್ಲದಂತಾಗುತ್ತದೆ. ಮೂರು ತಾಲ್ಲೂಕಿನ ಕ್ಲಬ್ಬುಗಳು ಮಾತಾಡಿಕೊಂಡು ಸರದಿ ಹಾಕಿಕೊಳ್ಳಲಿ: ಜೂನ್, ಅಕ್ಟೋಬರ್ ತಿಪಟೂರಿಗೆ, ಆಗಸ್ಟ್, ಜನವರಿ ತುರುವೇಕೆರೆಗೆ, ಡಿಸೆಂಬರ್, ಮೇ ಚಿಕ್ಕನಾಯಕನಹಳ್ಳಿಗೆ. ಪರವಾನಗಿ ಇರುವ ರಕ್ತ ಕೇಂದ್ರದ ಜೊತೆಗೇ ಶಿಬಿರ ಮಾಡಬೇಕು. ಎಷ್ಟು ಬೇಕು ಎಂದು ಕೇಂದ್ರವನ್ನೇ ಕೇಳಿ, ಅಷ್ಟೇ ಕೊಡಬೇಕು.

ಕಾಯಿ ಕೀಳುವವರಿಗೊಂದು ದಿನ

ಸೆಪ್ಟೆಂಬರ್ 2 ವಿಶ್ವ ತೆಂಗು ದಿನ. ತೆಂಗು ಬೆಳೆಯುವ ದೇಶಗಳ ಒಕ್ಕೂಟ 1969ರಲ್ಲಿ ಸ್ಥಾಪನೆಯಾದ ದಿನ ಅದು. ತೆಂಗಿನ ದುಡ್ಡಿನಲ್ಲೇ ಬದುಕುವ ಈ ಮೂರು ತಾಲ್ಲೂಕುಗಳಲ್ಲಿ ಆ ದಿನವನ್ನು ಕಾಯಿ ಕೀಳುವವರು, ಸುಲಿಯುವವರು, ಕೊಬ್ಬರಿ ಒಡೆಯುವವರಿಗೆ ಮೀಸಲಿಡುವುದು ನ್ಯಾಯ. ಹತ್ತು ತಿಂಗಳು ಅಟ್ಟದಲ್ಲಿ ಒಣಗಿದ ಕಾಯಿ ಉಂಡೆ ಕೊಬ್ಬರಿಯಾಗಿ ಮಾರುಕಟ್ಟೆಗೆ ಹೋಗುವ ತನಕ ಎಷ್ಟೋ ಕೈಗಳು ದುಡಿದಿರುತ್ತವೆ. ಆ ಕೈಗಳಿಗೆ ಶಾಲು, ಹಾರಕ್ಕಿಂತ ಬೇಕಾದದ್ದು ಈ ನಾಲ್ಕು.

ಮೊದಲನೆಯದು ವಿಮೆ. ತೆಂಗು ಅಭಿವೃದ್ಧಿ ಮಂಡಳಿ ಮರ ಹತ್ತುವವರಿಗಾಗಿ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆ ನಡೆಸುತ್ತದೆ. ಅರ್ಜಿ ತುಂಬಿಸುವ ಕೆಲಸ ಕ್ಲಬ್ಬಿನದು. ಇದರ ಜೊತೆಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದಲ್ಲಿ ಸಾವಾದರೆ 2 ಲಕ್ಷ ರೂ. ಸಿಗುತ್ತದೆ. ಇದರ ಅವಧಿ ಜೂನ್ 1ರಿಂದ ಮೇ 31. ಹಾಗಾಗಿ ಮೇ ಕೊನೆಯ ವಾರ ಕಾರ್ಮಿಕರ ಖಾತೆಯಲ್ಲಿ ಅಷ್ಟು ಹಣ ಇದೆಯೇ ಎಂದು ವಿಚಾರಿಸುವುದು ಈ ಕಾರ್ಯಕ್ರಮದ ಎರಡನೆಯ ತಾರೀಖು.

ಎರಡನೆಯದು ತರಬೇತಿ. ಮಂಡಳಿಯ ‘ಫ್ರೆಂಡ್ಸ್ ಆಫ್ ಕೋಕೋನಟ್ ಟ್ರೀ’ ತರಬೇತಿಯಲ್ಲಿ ಯಂತ್ರ ಬಳಸಿ ಮರ ಹತ್ತುವುದನ್ನು ಕಲಿಸುತ್ತಾರೆ. ಮೂರನೆಯದು ರಕ್ಷಣೆಯ ಸಾಮಾನು. ಚಿಪ್ಪು ಒಡೆಯುವಾಗ ಚೂರು ಕಣ್ಣಿಗೆ ಸಿಡಿಯುತ್ತದೆ. ಒಂದು ಜೊತೆ ರಕ್ಷಣಾ ಕನ್ನಡಕ ಒಂದು ಶಾಲಿಗಿಂತ ಅಗ್ಗ. ಲೋಹದ ದೋಟಿ ವಿದ್ಯುತ್ ತಂತಿಗೆ ತಗುಲದಂತೆ ಎಚ್ಚರ ಹೇಳಬೇಕು, ತಂತಿ ಹಾದ ತೋಟಗಳಲ್ಲಿ ಲೈನ್‌ಮನ್‌ಗೆ ತಿಳಿಸಿಯೇ ಕಾಯಿ ಕೆಡವಬೇಕು.

ನಾಲ್ಕನೆಯದು ತೋಟದ ಮಾಲೀಕರಿಗೂ ಕಲಿಸಬೇಕಾದದ್ದು. ಮರದಿಂದ ಬಿದ್ದವರನ್ನು ಎತ್ತಿ ಕೂರಿಸಬಾರದು, ಮಡಿಸಿ ಆಟೊದಲ್ಲಿ ಹಾಕಬಾರದು. ಕುತ್ತಿಗೆ, ಬೆನ್ನು ಅಲುಗದಂತೆ ಹಾಗೇ ಮಲಗಿಸಿ 108ಕ್ಕೆ ಕರೆ ಮಾಡಬೇಕು. ಎತ್ತಲೇಬೇಕಾಗಿ ಬಂದರೆ ಗಟ್ಟಿ ಹಲಗೆಯ ಮೇಲೆ, ಮೂರು ನಾಲ್ಕು ಜನ ಸೇರಿ, ತಲೆ ಮೈ ಒಂದೇ ನೇರಕ್ಕಿರುವಂತೆ ಎತ್ತಬೇಕು. ಬೆನ್ನುಹುರಿಗೆ ಆಗುವ ಪೆಟ್ಟು ಎಷ್ಟೋ ಸಲ ಬಿದ್ದದ್ದರಿಂದಲ್ಲ, ಎತ್ತುವಾಗಿನ ಅವಸರದಿಂದ ಹೆಚ್ಚುತ್ತದೆ. ಈ ಅರ್ಧ ಗಂಟೆಯ ಪಾಠವನ್ನು ಪ್ರಾತ್ಯಕ್ಷಿಕೆಯೊಂದಿಗೆ ಹೋಬಳಿ ಹೋಬಳಿಯಲ್ಲೂ ಮಾಡಿಸಬೇಕು.

ಸುದ್ದಿ ಮುಟ್ಟಿಸುವುದು, ಲೆಕ್ಕ ಇಡುವುದು

ಪೇಟೆಯ ವೃತ್ತದಲ್ಲಿ ಕಟ್ಟಿದ ಫ್ಲೆಕ್ಸ್ ಹಳ್ಳಿಗೆ ಕಾಣದು. ಊರಿನ ಹಾಲಿನ ಡೇರಿಗೆ ಜನ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಬರುತ್ತಾರೆ. ಕರಪತ್ರ ಅಲ್ಲಿ ಅಂಟಿಸಿ. ಅಂಗನವಾಡಿ, ಸ್ತ್ರೀಶಕ್ತಿ ಸಂಘ, ರೈತ ಸಂಪರ್ಕ ಕೇಂದ್ರ, ನ್ಯಾಯಬೆಲೆ ಅಂಗಡಿಗೂ ಮುಟ್ಟಿಸಿ. ಕರಪತ್ರದಲ್ಲಿ ಅತಿಥಿಗಳ ಹೆಸರಿಗಿಂತ ದೊಡ್ಡಕ್ಷರದಲ್ಲಿ ದಿನ, ಹೊತ್ತು, ಸ್ಥಳ, ತರಬೇಕಾದ ದಾಖಲೆ, ಹತ್ತಿರದ ಬಸ್ಸಿನ ವೇಳೆ ಇರಲಿ.

ದಾನ ಕೊಡುವವರು ರಸೀದಿ ಕೇಳಿ ಪಡೆಯಬೇಕು. 80ಜಿ ಎಂದು ಎಲ್ಲರಿಗೂ ಗೊತ್ತಿರುವ ತೆರಿಗೆ ರಿಯಾಯಿತಿ ಬೇಕಿದ್ದರೆ ಆ ಟ್ರಸ್ಟಿಗೆ ಮಾನ್ಯತೆ ಇದೆಯೇ ಎಂದು ವಿಚಾರಿಸಿ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ರಿಯಾಯಿತಿ ಇಲ್ಲ, ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ ಅದು ಅನ್ವಯ. ಕ್ಲಬ್ಬುಗಳೂ ಪ್ರತಿ ಶಿಬಿರದ ಖರ್ಚನ್ನು ಮುಂದಿನ ಸಭೆಯಲ್ಲಿ ಓದಿ ಹೇಳಬೇಕು. ವೇದಿಕೆ, ಊಟ, ನೆನಪಿನ ಕಾಣಿಕೆಗೆ ಹೋದದ್ದೆಷ್ಟು, ಔಷಧಿ, ಕನ್ನಡಕ, ವಾಹನಕ್ಕೆ ಹೋದದ್ದೆಷ್ಟು ಎಂಬುದು ಬೇರೆ ಬೇರೆ ಕಾಣಲಿ. ಲೆಕ್ಕ ತೆರೆದಿಟ್ಟ ಸಂಸ್ಥೆಗೆ ಮುಂದಿನ ಸಲ ಜನ ಕೇಳದೆ ಕೊಡುತ್ತಾರೆ.

ಜೂನ್ ತಿಂಗಳಲ್ಲಿ ಪುಸ್ತಕ ಒಪ್ಪಿಸುವಾಗ ಹಳೆಯ ಕಾರ್ಯದರ್ಶಿ ಒಂದು ಹಾಳೆ ಹೆಚ್ಚಿಗೆ ಕೊಡಲಿ. ಅದರಲ್ಲಿ ಬಾಕಿ ಉಳಿದವರ ಹೆಸರುಗಳಿರಲಿ: ಪೊರೆ ತೆಗೆಸಬೇಕಾದವರು, ಕನ್ನಡಕ ಬರಬೇಕಾದ ಮಕ್ಕಳು, ವಿಮೆ ನವೀಕರಿಸಬೇಕಾದ ಕೂಲಿಕಾರರು, ಮತ್ತೆ ನೋಡಬೇಕಾದ ತೋಟಗಳು. ಹೊಸ ಅಧ್ಯಕ್ಷರು ತಮ್ಮ ವರ್ಷದ ಮೊದಲ ಸಭೆಯಲ್ಲಿ ತಮ್ಮ ಯೋಜನೆ ಹೇಳುವ ಮುನ್ನ ಆ ಹಾಳೆಯನ್ನು ಓದಲಿ. ಓದುಗರಾದ ನೀವೂ ಸುಮ್ಮನಿರಬೇಡಿ. ನಿಮ್ಮೂರಿನ ಶಿಬಿರಕ್ಕೆ ಹೋದಾಗ ‘ಮತ್ತೆ ಯಾವತ್ತು ಬರಬೇಕು?’ ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡೇ ಬನ್ನಿ.